ಹಿಂದಿನ ಸೀಟಿನ ಹಟ

ನಾನು ಮೊದಲು ನೋಡಿದ್ದು ಅವರ ಪಾದಗಳನ್ನು. ಹಳೆಯ ಅಂಬಾಸಿಡರ್ ಕಾರಿನ ಹಿಂಬದಿಯ ಕೆಳಗಿಂದ ಅವು ಹೊರಗೆ ಚಾಚಿಕೊಂಡಿದ್ದವು. ಹಿಮ್ಮಡಿ ಒಡೆದಿತ್ತು, ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ, ಬೆಳಿಗ್ಗೆ ಹಚ್ಚಿಕೊಂಡ ಅರಿಶಿನದ ಮೇಲೆ ಕರಿ ಗ್ರೀಸಿನ ಗೆರೆ. ಸೀರೆಯ ನೆರಿಗೆ ಹಾರದಂತೆ ಮೊಣಕಾಲಿನ ಹತ್ತಿರ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದ್ದರು. ನಾನು ಬಾಡಿಗೆ ಮನೆ ಕೇಳಿಕೊಂಡು ಬಂದವಳು. ಪಾದಕ್ಕೆ ನಮಸ್ಕಾರ ಹೇಳುವುದು ಹೇಗೆಂದು ತಿಳಿಯದೆ ಗೇಟಿನ ಹತ್ತಿರವೇ ನಿಂತೆ.

ಯಾರು ಅದು ಎಂದು ಕಾರಿನ ಕೆಳಗಿಂದಲೇ ಪ್ರಶ್ನೆ ಬಂತು. ನಿಮ್ಮ ಹಿಂದಿನ ಮನೆ ಖಾಲಿ ಇದೆಯೆಂದು ಬೀದಿ ತುದಿಯ ಅಂಗಡಿಯವರು ಹೇಳಿದರು ಎಂದೆ.

"ಮನೆ ಎಲ್ಲೂ ಓಗಲ್ಲ ಕಣಮ್ಮ. ಮೊದ್ಲು ಅಲ್ಲಿರೋ ಟಾರ್ಚ್ ತಕ್ಕೊಂಡು ಈ ಕಡೆ ಬಿಡು."

ನನಗೆ ಸಿಟ್ಟು ಬರುವುದಕ್ಕೆ ಹೆಚ್ಚು ಹೊತ್ತು ಬೇಡ. ಹಾವೇರಿ ಕಡೆಯಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿದ್ದೆ, ಮರುದಿನ ಹೊಸ ಕೆಲಸಕ್ಕೆ ಸೇರಬೇಕಿತ್ತು, ಇದ್ದ ಒಂದೇ ಇಸ್ತ್ರಿ ಮಾಡಿದ ಜೊತೆ ಬಟ್ಟೆಯನ್ನು ಹಾಕಿಕೊಂಡಿದ್ದೆ. ಆದರೂ ಆ ದನಿಯಲ್ಲಿ ದರ್ಪ ಇರಲಿಲ್ಲ, ಕೆಲಸ ಅರ್ಧಕ್ಕೆ ನಿಂತವರ ಅವಸರ ಇತ್ತು. ಚಿನ್ನದ ಗಣಿಯ ಊರಾದ ಉರಿಗಾಂನ ಕೆಂಪು ಮಣ್ಣಿನಲ್ಲಿ ಮಂಡಿಯೂರಿ ಟಾರ್ಚು ಬಿಟ್ಟೆ. ಅವರು ತಂತಿ ಬ್ರಷ್ಷಿನಿಂದ ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಗಳ ತುಕ್ಕು ಉಜ್ಜುತ್ತಿದ್ದರು. ತುಕ್ಕೆಲ್ಲ ಮುಖದ ಮೇಲೆ ಉದುರುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಉಜ್ಜುತ್ತಿದ್ದರು.

ಹೊರಗೆ ಬಂದು ಸೀರೆ ಕೊಡವಿಕೊಂಡಾಗ ನೋಡಿದರೆ ನನ್ನ ಭುಜದಷ್ಟೇ ಎತ್ತರದ, ಅರವತ್ತು ದಾಟಿದ ಹೆಂಗಸು. ಏನು ಕೆಲಸ ಎಂದು ಕೇಳಿದರು. ಇಲ್ಲಿಯ ಕಾರ್ಖಾನೆಯಲ್ಲಿ ವೆಲ್ಡಿಂಗ್ ಪರೀಕ್ಷೆ ಮಾಡುವ ಕೆಲಸ, ಸರಿಯಿಲ್ಲದ ಬೆಸುಗೆಗೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು ಎಂದೆ. ಹಾಗಾದರೆ ಬೇಡ ಅನ್ನುವುದೇ ನಿನ್ನ ಕೆಲಸ, ಒಳ್ಳೆಯದು, ಒಳಗೆ ಬಾ ಎಂದರು. ನನ್ನ ಜಾತಿ, ಅಡುಗೆ, ಮದುವೆ ಯಾವುದನ್ನೂ ಕೇಳದೆ ಮನೆ ಕೊಟ್ಟವರು ಅವರೊಬ್ಬರೇ. ನಾಲ್ಕು ದಿನ ಓನರಮ್ಮ ಎಂದು ಕರೆದೆ. ಐದನೆಯ ದಿನ ಸಾರಿನ ಬಟ್ಟಲು ನನ್ನ ಕೈಗೆ ಕೊಡುತ್ತ, ಆ ಹೆಸರು ಕೇಳಿದರೆ ಕರೆಂಟ್ ಬಿಲ್ಲು ನೆನಪಾಗುತ್ತದೆ, ದೊಡ್ಡಮ್ಮ ಅನ್ನು ಸಾಕು ಎಂದರು. ಅಂದಿನಿಂದ ಅವರು ದೊಡ್ಡಮ್ಮ, ಅವರ ಗಂಡ ದೊಡ್ಡಪ್ಪ.

ದೊಡ್ಡಮ್ಮ ಕಾಮಸಮುದ್ರದ ಹತ್ತಿರದ ಹಳ್ಳಿಯವರು. ತಾಯಿಯ ತಮ್ಮನನ್ನೇ ಮದುವೆಯಾಗಿದ್ದರು, ಹಾಗಾಗಿ ಗಂಡನನ್ನು ಕೊನೆಯವರೆಗೂ ಮಾವ ಎಂದೇ ಕರೆದರು. ಹಿತ್ತಲಲ್ಲಿ ಹಸುಗಳಿದ್ದವು. ಹಸುವಿಗೆ ತೆಲುಗಿನಲ್ಲಿ ಬೈಯುತ್ತಿದ್ದರು, ಸೊಪ್ಪಿನವಳ ಹತ್ತಿರ ತಮಿಳಿನಲ್ಲಿ ಚೌಕಾಸಿ, ಗಂಡನ ಹತ್ತಿರ ಕನ್ನಡದಲ್ಲಿ ಜಗಳ. ನನ್ನ ಹಾವೇರಿ ಕನ್ನಡ ಅವರಿಗೆ ದಿನದ ಮನರಂಜನೆ. ನಾನು "ಹೌದ್ರೀ" ಎಂದಾಗಲೆಲ್ಲ ಅಡುಗೆಮನೆಯಿಂದ ಅದನ್ನೇ ತಿರುಗಿಸಿ ಹೇಳಿ ನಗುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು, ಆಮೇಲೆ ಬೇಕೆಂದೇ ಹೆಚ್ಚು ಹೇಳತೊಡಗಿದೆ.

ಆ ಕಾರು ದೊಡ್ಡಪ್ಪನದು. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವರದೇ ಮೊದಲ ಗಾಡಿಯಂತೆ. ರೈಲಿಳಿದವರನ್ನು ಗಂಟುಮೂಟೆ ಸಮೇತ ಹಳ್ಳಿಗಳಿಗೆ ಬಿಟ್ಟು ಬರುವುದು ಅವರ ಜೀವನವಾಗಿತ್ತು. ಒಂದು ದಿನ ಮೇಲಿನ ಕ್ಯಾರಿಯರ್‌ಗೆ ಹಗ್ಗ ಬಿಗಿಯುವಾಗ ಕಾಲು ಜಾರಿ ಬೆನ್ನ ಮೇಲೆ ಬಿದ್ದರು. ಆಪರೇಷನ್ ಆಯಿತು, ಕೋಲು ಹಿಡಿದು ನಡೆಯುವಷ್ಟಾದರು. ಆದರೆ ಒಂದು ಸಣ್ಣ ಕುಲುಕಾಟವನ್ನೂ ಬೆನ್ನು ತಡೆಯುತ್ತಿರಲಿಲ್ಲ. ಆಟೋದಲ್ಲಿ ಕೂರಿಸಿದರೆ ಬೀದಿ ತಿರುಗುವಷ್ಟರಲ್ಲಿ ನೋವಿಗೆ ಬೆವರುತ್ತಿದ್ದರು. ಹೊಸ ಕಾರುಗಳಲ್ಲಿ ತಲೆ ತಗ್ಗಿಸಿ, ಸೊಂಟ ಮಡಚಿ ಒಳಗೆ ತೂರಬೇಕು, ಅದು ಅವರಿಂದ ಆಗದು. ಅಂಬಾಸಿಡರ್‌ನ ಹಿಂದಿನ ಬಾಗಿಲು ಅಗಲ, ಸೀಟು ಮನೆಯ ಸೋಫಾದಷ್ಟು ಎತ್ತರ, ಕುರ್ಚಿಯ ಮೇಲೆ ಕೂತಂತೆ ಕೂತು ಕಾಲು ಒಳಗೆ ತಂದುಕೊಂಡರಾಯಿತು. ಕೂರುವುದಕ್ಕೆ ಅದೊಂದೇ ಕಾರು ಸರಿ. ಹೊರಟ ಮೇಲೆ ಅದರಷ್ಟು ಎತ್ತಿಹಾಕುವ ಕಾರು ಇನ್ನೊಂದಿಲ್ಲ.

ನಾನು ಬಂದಾಗ ದೊಡ್ಡಪ್ಪ ಮನೆಯ ಗೇಟು ದಾಟಿ ವರ್ಷ ಕಳೆದಿತ್ತು. ಕಿಟಕಿಯ ಹತ್ತಿರ ಮಂಚ. ಸ್ಟ್ಯಾಂಡಿನ ಗೆಳೆಯರು ಮೊದಲು ವಾರಕ್ಕೊಮ್ಮೆ ಬರುತ್ತಿದ್ದರಂತೆ, ಆಮೇಲೆ ಹಬ್ಬಕ್ಕೆ, ಆಮೇಲೆ ಫೋನು. ಮಾತು ಕಡಿಮೆಯಾಗಿತ್ತು, ಊಟ ಕಡಿಮೆಯಾಗಿತ್ತು. ಬಂಗಾರಪೇಟೆ ಇಲ್ಲಿಂದ ಹತ್ತಿರದಲ್ಲೇ ಇದೆ, ನಾನು ಚಪ್ಪಲಿ ಕೊಳ್ಳಲು ಹೋಗಿ ಬರುತ್ತಿದ್ದೆ. ಆ ಮನುಷ್ಯನಿಗೆ ಅದು ಕಾಶಿಗಿಂತ ದೂರವಾಗಿತ್ತು. ದೊಡ್ಡಮ್ಮನ ಹಟ ಅದೊಂದೇ, ಅವರನ್ನು ಅವರದೇ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ನೋವಿಲ್ಲದೆ ಆ ಸ್ಟ್ಯಾಂಡಿಗೆ ಕರೆದೊಯ್ಯಬೇಕು. ಕಾರು ಓಡಿಸುವುದನ್ನು ಅವರಿಗೆ ದೊಡ್ಡಪ್ಪನೇ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಪಕ್ಕದ ಬಯಲಿನಲ್ಲಿ ಎಂದೋ ಕಲಿಸಿದ್ದರು. ಓಡಿಸುವವರಿದ್ದರು, ಕಾರಿತ್ತು. ಆಗಬೇಕಾದದ್ದು ಹಿಂದಿನ ಸ್ಪ್ರಿಂಗಿನ ಕೆಲಸ.

ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಗ್ಯಾರೇಜ್ ಮೇಸ್ತ್ರಿ ಇದ್ದರು. ದೊಡ್ಡಪ್ಪನ ಕಾರನ್ನು ಅದರ ಟ್ಯಾಕ್ಸಿ ದಿನಗಳಿಂದ ನೋಡಿಕೊಂಡು ಬಂದವರು, ದೊಡ್ಡಪ್ಪನೆಂದರೆ ಅಣ್ಣನಿಗಿಂತ ಹೆಚ್ಚು. ದೊಡ್ಡಮ್ಮ ಕಾರು ಒಯ್ದು ಕೊಟ್ಟು, ಹಿಂದೆ ಕೂತವರಿಗೆ ಕುಲುಕಬಾರದು, ಚೆನ್ನಾಗಿ ಮಾಡಿಕೊಡು ಎಂದರು. ಮೇಸ್ತ್ರಿ ಮನಸ್ಸಿಟ್ಟೇ ಮಾಡಿದರು. ಲಾರಿಯ ಸ್ಪ್ರಿಂಗ್ ಸೆಟ್ಟಿನಿಂದ ಆರಿಸಿದ ಒಂದು ದಪ್ಪ ಪಟ್ಟಿಯನ್ನು ಎರಡೂ ಕಡೆ ಸೇರಿಸಿದರು.

ಇದನ್ನು ಈ ಕಡೆಯವರಿಗೆ ವಿವರಿಸಬೇಕಿಲ್ಲ, ಬೇರೆಯವರಿಗೆ ಹೇಳಬೇಕು. ಇಲ್ಲಿ ಗಾಡಿ ಎಂದರೆ ಹೊರೆ. ಟಮೋಟ ಕ್ರೇಟು, ಹಾಲಿನ ಕ್ಯಾನು, ರಾಗಿ ಮೂಟೆ, ಒಂದೇ ಕಾರಿನಲ್ಲಿ ಇಡೀ ಮದುವೆ ದಿಬ್ಬಣ. ಹಿಂದೆ ಕುಲುಕುತ್ತದೆ ಎಂದು ಯಾರಾದರೂ ಬಂದರೆ ಸ್ಪ್ರಿಂಗು ಹೊರೆಗೆ ಕುಸಿದು ತಳಕ್ಕೆ ಬಡಿಯುತ್ತಿದೆ ಎಂದೇ ಅರ್ಥ, ಮದ್ದು ಇನ್ನೊಂದು ಪಟ್ಟಿ. ಅಪ್ಪನ ಕಾಲದಿಂದ ಮಗನ ಕಾಲದವರೆಗೆ ಯಾವ ಗ್ಯಾರೇಜಿಗೆ ಹೋದರೂ ಕೈ ತಾನಾಗಿ ಪಟ್ಟಿಯ ಕಡೆ ಹೋಗುತ್ತದೆ. ಹೊರೆಯಿಲ್ಲದಿದ್ದರೆ ಅಷ್ಟು ಪಟ್ಟಿ ಬಾಗುವುದೇ ಇಲ್ಲ, ಖಾಲಿ ಕಾರಿನಲ್ಲಿ ಒಬ್ಬ ಬೆನ್ನುನೋವಿನ ಮನುಷ್ಯ ಕೂರುತ್ತಾನೆ ಎಂಬ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ. ಪ್ರೀತಿಯಿಂದ ಹಾಕಿದ ಪಟ್ಟಿ ಕಾರನ್ನು ಮೊಟ್ಟೆಯಿಡಲು ಎದ್ದ ಕೋಳಿಯ ಹಾಗೆ ಹಿಂದೆ ಎತ್ತಿ ನಿಲ್ಲಿಸಿತು.

ಆ ಭಾನುವಾರ ದೊಡ್ಡಪ್ಪ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಗೆಳೆಯರಿಗೆ ಫೋನು ಮಾಡಿಯಾಗಿತ್ತು. ನಾನು ದೊಡ್ಡಮ್ಮನ ಪಕ್ಕ ಮುಂದೆ ಕೂತೆ, ಹಿಂದೆ ದಿಂಬುಗಳ ನಡುವೆ ದೊಡ್ಡಪ್ಪ. ರಸ್ತೆಗೆ ಅಡ್ಡ ಹಾಕಿದ ಮೊದಲ ಹಂಪಿಗೆ ಅವರ ಉಸಿರು ನಿಂತ ಸದ್ದು ಕೇಳಿಸಿತು. ಎರಡನೆಯದಕ್ಕೆ ಅವರು ನರಳಿದರು. ಊರು ದಾಟುವ ಮೊದಲೇ, "ತಿರುಗ್ಸು" ಎಂದರು. ಅಷ್ಟೇ. ಮನೆಗೆ ಬಂದು ಅಂಗಿ ಬಿಚ್ಚುವುದಕ್ಕೂ ಆಗದೆ ಮಲಗಿದರು. ಸಂಜೆ ನೋವು ತಗ್ಗಿದ ಮೇಲೆ, ಇನ್ನು ಮುಂದೆ ಈ ಮನೆಯಲ್ಲಿ ಕಾರಿನ ಮಾತೆತ್ತಬೇಡಿ, ಗುಜರಿಯವನಿಗೆ ಕೊಟ್ಟುಬಿಡಿ ಎಂದು ಗೋಡೆಗೆ ಮುಖ ಮಾಡಿದರು. ನನಗೆ ಮೇಸ್ತ್ರಿಯ ಮೇಲೆ ಎಷ್ಟು ಕೋಪ ಬಂತೆಂದರೆ ಆಗಲೇ ಹೋಗಿ ಜಗಳವಾಡಲು ಚಪ್ಪಲಿ ಮೆಟ್ಟಿಕೊಂಡಿದ್ದೆ.

ದೊಡ್ಡಮ್ಮ ತಡೆದರು. ಜಗಳದಿಂದ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ನಿನಗೆ ಲೈಸೆನ್ಸ್ ಇದೆಯಲ್ಲ, ಬಾ ಎಂದರು. ಸ್ಟೀರಿಂಗ್ ಪಕ್ಕದಲ್ಲಿ ಗೇರಿರುವ ಕಾರನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ನನ್ನನ್ನು ಮುಂದೆ ಕೂರಿಸಿ, ತಾವು ಹಿಂದೆ ಗಂಡ ಕೂತಿದ್ದ ಹಾಗೆಯೇ ಒರಗಿ, ಅದೇ ದಿಂಬುಗಳನ್ನು ಅದೇ ಕಡೆ ಇಟ್ಟುಕೊಂಡು, ಅದೇ ರಸ್ತೆಯಲ್ಲಿ ಓಡಿಸು ಎಂದರು. ನಾನು ಗೇರನ್ನು ಗರಗರ ಅನ್ನಿಸುತ್ತ ಓಡಿಸಿದೆ. ಪ್ರತಿ ಹಂಪಿಗೂ ಅವರ ತಲೆ ಬಾಗಿಲಿಗೆ ಬಡಿಯುವ ಸದ್ದು. ನಿಲ್ಲಿಸಲೇ ಎಂದರೆ ಬೇಡ ಎನ್ನುತ್ತಿದ್ದರು. ವಾಪಸು ಬಂದು ಇಳಿದಾಗ ಸೊಂಟ ಹಿಡಿದುಕೊಂಡು ಕಾರಿನ ಬೆನ್ನಿಗೆ ಕೈಯೂರಿ ನಿಂತರು.

"ಇಷ್ಟ್ ವರ್ಸ ಓಡ್ಸಿದೀನಿ, ಇಂದೆ ಎಂಗಿರುತ್ತೆ ಅಂತ ಒಂದಿನಾನೂ ಕುಂತ್ ನೋಡಿಲ್ಲ," ಎಂದರು. "ಗಾಡಿ ತಪ್ಪಲ್ಲ ಕಣಮ್ಮ. ಪಟ್ಟಿ ಜಾಸ್ತಿ ಆಗೈತೆ. ಇನ್ನೊಂದ್ ಸಲ ಬಿಚ್ಚಾಣ."

ಇನ್ನೊಂದು ಸಲ ಬಿಚ್ಚೋಣ ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಕುಕ್ಕರ್ ಸೋರಿದರೆ, ಹೊಲಿದ ರವಿಕೆ ಬಿಗಿಯಾದರೆ, ನನ್ನ ತಮ್ಮನ ಮದುವೆ ಮಾತುಕತೆ ಮುರಿದುಬಿದ್ದರೆ, ಎಲ್ಲಕ್ಕೂ ಅದೇ. ಸರಿಯಾಗದ್ದನ್ನು ಕಂಡು ಅವರಿಗೆ ನಾಚಿಕೆಯೂ ಆಗುತ್ತಿರಲಿಲ್ಲ, ಬೇಸರವೂ ಬರುತ್ತಿರಲಿಲ್ಲ. ಬಿಚ್ಚಿ ನೋಡದೆ ಬಿಟ್ಟುಬಿಡುವುದು ಮಾತ್ರ ಅವರಿಂದ ಸಹಿಸಲಾಗುತ್ತಿರಲಿಲ್ಲ.

ಆದರೆ ಈ ಸಲ ಅಡ್ಡ ನಿಂತವರು ದೊಡ್ಡಪ್ಪನೇ. ಹೊಸ ಪಟ್ಟಿ ತೆಗೆಯುವುದಕ್ಕೆ ಅವರ ತಕರಾರಿರಲಿಲ್ಲ. ಕೆಳಗೆ ನೋಡಿದಾಗ ಅದರ ಜೊತೆ ಇನ್ನೂ ಹಳೆಯ ಹೆಚ್ಚುವರಿ ಪಟ್ಟಿಗಳಿದ್ದವು. ಟ್ಯಾಕ್ಸಿ ದಿನಗಳಲ್ಲಿ ದೊಡ್ಡಪ್ಪನೇ ಮುಂದೆ ನಿಂತು ಹಾಕಿಸಿದ್ದು. ಸ್ಟ್ಯಾಂಡಿನ ಬೇರೆ ಗಾಡಿಗಳೆಲ್ಲ ಹೊರೆಗೆ ಕುಸಿದು ನಿಂತರೂ ತನ್ನದು ಕುಸಿಯುತ್ತಿರಲಿಲ್ಲ ಎನ್ನುವುದು ಅವರ ಬದುಕಿನ ಹೆಮ್ಮೆ. ಆ ಪಟ್ಟಿಗಳನ್ನು ಮುಟ್ಟಬೇಡ, ತೆಗೆದರೆ ಗಾಡಿ ಮುದಿ ಎಮ್ಮೆಯ ಹಾಗೆ ಕುಂತುಬಿಡುತ್ತದೆ, ಸ್ಟ್ಯಾಂಡಿನವರು ನೋಡಿ ನಗುತ್ತಾರೆ ಎಂದು ಮಂಚದಿಂದಲೇ ಕೂಗಾಡಿದರು. ಮಲಗಿದಲ್ಲಿಂದ ಅಷ್ಟು ಜೋರು ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಹಸುವಿನ ಹಿಂಡಿ ಕಲಸುತ್ತಿದ್ದವರು ಕೈ ತೊಳೆದುಕೊಂಡು ಬಂದು ಮಂಚದ ತುದಿಯಲ್ಲಿ ಕೂತರು.

"ನೀನು ಆಕ್ಸಿದ್ದು ಹತ್ತ್ ಜನಕ್ಕೆ ಮಾವ," ಎಂದರು. "ಈಗ ಕೂರೋನು ನೀನೊಬ್ನೇ."

ದೊಡ್ಡಪ್ಪ ಕಿಟಕಿಯಾಚೆ ನಿಂತ ಕಾರನ್ನೇ ನೋಡುತ್ತಿದ್ದರು. ನನಗೆ ಅಲ್ಲಿರಲು ಆಗದೆ ಹಿತ್ತಲಿಗೆ ಬಂದೆ. ಆಮೇಲೆ ಅವರು ಒಪ್ಪಿದರೆಂದು ಹೇಳಲಾರೆ, ಬೇಡ ಅನ್ನುವುದನ್ನು ನಿಲ್ಲಿಸಿದರು. ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು.

ಮೇಸ್ತ್ರಿಯನ್ನು ಒಪ್ಪಿಸಿದ ರೀತಿ ಮಾತ್ರ ನೆನೆದರೆ ಈಗಲೂ ನಗು ಬರುತ್ತದೆ. ಪಟ್ಟಿ ತೆಗೆಯಬೇಕು ಎಂದಾಗ ಅವರು ಕಿವಿ ಮುಚ್ಚಿಕೊಂಡರು. ಪಟ್ಟಿ ಕಳಚಿದ ಮೇಸ್ತ್ರಿ ಎಂದು ಪೇಟೆಯಲ್ಲಿ ಹೆಸರಾದರೆ ತನ್ನ ಹತ್ತಿರ ಯಾರು ಬರುತ್ತಾರೆ ಎಂಬುದು ಅವರ ಚಿಂತೆ. ಕಾರು ಮಾಡಿಕೊಟ್ಟ ಮೇಲೆ ಓಡಿಸಿ ನೋಡಿದ್ದೇನೆ, ಹಂಪಿನ ಮೇಲೆ ಬೆಣ್ಣೆಯ ಹಾಗೆ ಹೋಯಿತು ಎಂದು ಪ್ರಮಾಣ ಮಾಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೇಸ್ತ್ರಿಗಳು ಗಾಡಿ ಪರೀಕ್ಷೆ ಮಾಡುವುದು ಡ್ರೈವರ್ ಸೀಟಿನಲ್ಲಿ ಕೂತು, ಡ್ರೈವರ್ ಸೀಟು ಮುಂದಿನ, ಹಿಂದಿನ ಚಕ್ರಗಳ ನಡುವೆ ಇರುತ್ತದೆ. ಹಿಂದೆ ಕೂತವನು ಕೂರುವುದು ಚಕ್ರದ ನೆತ್ತಿಯ ಮೇಲೆಯೇ.

ದೊಡ್ಡಮ್ಮ ವಾದಕ್ಕಿಳಿಯಲಿಲ್ಲ. ಒಂದು ಸುತ್ತು ಬಾಪ್ಪ, ಸದ್ದು ಕೇಳಿಸುತ್ತದೆ, ಎಲ್ಲಿಂದ ಅಂತ ನೋಡು ಎಂದು ಅವರನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ಕಾಮಸಮುದ್ರದ ರಸ್ತೆಗೆ ತಿರುಗಿಸಿದರು. ಹಂಪು, ಗುಂಡಿ, ಪೈಪಿಗೆ ಅಗೆದು ಮುಚ್ಚಿದ ಕಾಲುವೆ, ಯಾವುದನ್ನೂ ಬಿಡದೆ, ಯಾವುದಕ್ಕೂ ಬ್ರೇಕ್ ಒತ್ತದೆ ಓಡಿಸಿದರು. ನಾನು ಮುಂದೆ ಕೂತು ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದೆ. ಹಿಂದಿನಿಂದ ಮೊದಲು "ಅಕ್ಕಾ ಅಕ್ಕಾ" ಎಂದು ಕೇಳುತ್ತಿತ್ತು, ಆಮೇಲೆ ಬರೀ "ಅಯ್ಯೋ". ವಾಪಸು ಬಂದಾಗ ಮೇಸ್ತ್ರಿ ಇಳಿದವರು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಲಿಲ್ಲ.

"ಅಣ್ಣನ್ನ ಇದ್ರಲ್ಲಾ ಕೂರ್ಸಿದ್ದು ನಾನು," ಎಂದರು ಕೊನೆಗೆ. ಬೆವರು ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು. "ಬಿಚ್ಚಾಣ ಅಕ್ಕಾ."

ಬಿಚ್ಚುವ ಕೆಲಸ ನಮ್ಮ ಮನೆಯ ಅಂಗಳದಲ್ಲೇ ನಡೆಯಿತು. ಹಸುಗಳನ್ನು ಬಿಟ್ಟು ದೊಡ್ಡಮ್ಮ ದಿನವಿಡೀ ಗ್ಯಾರೇಜಿನಲ್ಲಿ ಇರುವ ಹಾಗಿರಲಿಲ್ಲ, ಅವರಿಲ್ಲದೆ ಕೆಲಸ ನಡೆಯುವುದು ಅವರಿಗೆ ಬೇಕಿರಲಿಲ್ಲ. ಕಾರನ್ನು ಜಾಕಿಯ ಮೇಲೆ ಎತ್ತಿ, ಕಲ್ಲು ಕೊಟ್ಟು ನಿಲ್ಲಿಸಿದರು. ಕಳಚಿದ ಬೋಲ್ಟು, ನಟ್ಟು, ವಾಷರುಗಳನ್ನು ರಾಗಿ ಕೇರುವ ಮೊರದಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಜೋಡಿಸಿದರು. ಮೊರಕ್ಕೆ ಯಾರಾದರೂ ಕೈ ಹಾಕಿದರೆ ಮುಗಿಯಿತು. ಬಿಗಿದು ಕೂತ ನಟ್ಟನ್ನು ಮಗುವಿಗೆ ಊಟ ಮಾಡಿಸುವಾಗ ರಮಿಸುವಂತೆ ಮಾತಾಡಿಸುತ್ತಿದ್ದರು, ಬರದಿದ್ದರೆ ಹಸುವಿಗೆ ಬೈಯುವ ತೆಲುಗು. ಹಾಲು ಕರೆಯುವ ಹೊತ್ತಿಗೆ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದು, ಕರೆದು ಬಂದು ಮತ್ತೆ ಪಾನಾ ಹಿಡಿಯುತ್ತಿದ್ದರು.

ಲಾರಿ ಪಟ್ಟಿ ಹೋಯಿತು, ದೊಡ್ಡಪ್ಪನ ಪಟ್ಟಿಗಳೂ ಹೋದವು. ಉಳಿದವು ವರ್ಷಗಟ್ಟಲೆ ತುಕ್ಕು ತಿಂದು ಒಂದಕ್ಕೊಂದು ಅಂಟಿ ಒಂದೇ ಕಬ್ಬಿಣದ ಗಟ್ಟಿಯಾಗಿದ್ದವು. ಒಂದರ ಮೇಲೊಂದು ಜಾರಿದರೆ ತಾನೇ ಸ್ಪ್ರಿಂಗು. ಬಿಡಿಸಿ, ಉಜ್ಜಿ, ಕುಲುಮೆಗೆ ಕೊಟ್ಟು ಮತ್ತೆ ಕಮಾನು ಬಾಗಿಸಿ ತಂದು, ನಡುನಡುವೆ ಗ್ರೀಸು ಬಳಿದು ಜೋಡಿಸಿದರು. ತುದಿಗಳಿಗೆ ಅದುರು ತಡೆಯುವ ಹೊಸ ರಬ್ಬರ್ ಬುಷ್. ಕಾರಿನ ಜೊತೆಗೆ ಬಂದಿದ್ದ ಹಳೆಯ ಕಾಲದ ಕೈಯಂಥ ಶಾಕ್ ಅಬ್ಸಾರ್ಬರುಗಳು ಎಣ್ಣೆ ಬತ್ತಿ ಸತ್ತಿದ್ದವು. ಅವನ್ನು ಕಳಚಿ ಈಗಿನ ಕಾಲದ ಉದ್ದನೆಯ ಕೊಳವೆಯಂಥವನ್ನು ಹಾಕುವುದೆಂದು ಮೇಸ್ತ್ರಿ ತೀರ್ಮಾನಿಸಿದರು. ಅದು ಅವರದೇ ಯೋಚನೆ, ಒಳ್ಳೆಯ ಯೋಚನೆ. ಆದರೆ ಅವುಗಳ ಮೇಲಿನ ತುದಿಯನ್ನು ಸಿಕ್ಕಿಸಲು ಈ ಕಾರಿನಲ್ಲಿ ಜಾಗವಿಲ್ಲ, ಒಂದು ಕಬ್ಬಿಣದ ತುಂಡನ್ನು ಬೆಸುಗೆ ಹಾಕಿ ಕೂರಿಸಬೇಕು. ಮೇಸ್ತ್ರಿ ಬೆಸುಗೆ ಹಾಕಿದರು. ನಾನು ಕಾರ್ಖಾನೆಯಿಂದ ಬಂದವಳು ಅಭ್ಯಾಸ ಬಲದಿಂದ ಟಾರ್ಚು ಹಿಡಿದು ಕೆಳಗೆ ತೂರಿದೆ.

ಎಡಗಡೆಯದು ಚೆನ್ನಾಗಿತ್ತು. ಬಲಗಡೆಯ ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳು. ಕೂಡಲೇ ಮುರಿಯುವಂಥದ್ದಲ್ಲ, ಆದರೆ ನಂಬುವಂಥದ್ದೂ ಅಲ್ಲ. ನಾನು ಬಾಯಿ ತೆರೆಯಲು ಹಿಂಜರಿದೆ. ಅದಕ್ಕೆ ಕಾರಣ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೆಂಪು ಗುರುತುಗಳು ಕೆಲವು ಹಿರಿಯರಿಗೆ ಹಿಡಿಸಿರಲಿಲ್ಲ. ಇಷ್ಟು ಚಿಕ್ಕದಕ್ಕೆಲ್ಲ ಯಾಕಮ್ಮ ಎಂದು ನಯವಾಗಿಯೇ ಹೇಳುತ್ತಿದ್ದರು, ಆ ನಯವೇ ನನ್ನನ್ನು ಮೆತ್ತಗೆ ಮಾಡುತ್ತಿತ್ತು. ಆದರೂ ಬಲಗಡೆಯದು ಸರಿಯಿಲ್ಲ ಎಂದೆ. ಮೇಸ್ತ್ರಿಯ ಮುಖ ಕೆಂಪಾಯಿತು. ಇದೇನು ಏರೋಪ್ಲೇನಾ, ಕಾರು ತಾನೇ ಎಂದರು. ದೊಡ್ಡಮ್ಮ ನನ್ನ ಕಡೆ ನೋಡಿದರು. ಖಾತ್ರಿಯಾ ಎಂದು ಕೂಡ ಕೇಳಲಿಲ್ಲ.

"ಅವ್ಳು ಬೇಡ ಅಂದ್ಮೇಲೆ ಬೇಡ," ಎಂದರು. "ಕಿತ್ತಾಕಿ ಮತ್ತೆ ಮಾಡಪ್ಪ."

ಮೇಸ್ತ್ರಿ ಗೊಣಗುತ್ತಲೇ ಕಿತ್ತರು. ಕಿತ್ತ ಮೇಲೆ ಒಳಗಿನ ತೂತು ಅವರಿಗೇ ಕಂಡಿತು. ಎರಡನೆಯ ಸಲ ಹಾಕಿದ ಬೆಸುಗೆ ಎಷ್ಟು ಸೊಗಸಾಗಿತ್ತೆಂದರೆ ಅದನ್ನು ನನಗೆ ಕರೆದು ತೋರಿಸಿದರು. ಆ ದಿನ ನನಗಾದ ಸಂತೋಷವನ್ನು ಹೇಳಲು ನಾಚಿಕೆಪಡುವುದಿಲ್ಲ. ನಾನು ಬೇಡ ಎಂದದ್ದನ್ನು ಕೇಳಿ, ಮಾತಿಗೆ ಮಾತು ಬೆಳೆಸದೆ, ಒಬ್ಬರು ನಿಂತಿದ್ದರು. ಮರುದಿನ ಕಾರ್ಖಾನೆಯಲ್ಲಿ ನಯವಾದ ಮಾತು ಬಂದಾಗ ನಾನೂ ನಯವಾಗಿಯೇ ನಕ್ಕೆ, ಕೆಂಪು ಗುರುತನ್ನು ಮಾತ್ರ ಅಳಿಸಲಿಲ್ಲ.

ಕಾರು ಕೆಳಗಿಳಿದಾಗ ದೊಡ್ಡಪ್ಪ ಹೇಳಿದಂತೆ ಕುಂತುಬಿಡಲಿಲ್ಲ, ಸಮವಾಗಿ ನಿಂತಿತು. ದೊಡ್ಡಮ್ಮ ಮತ್ತೆ ದಿಂಬುಗಳನ್ನಿಟ್ಟುಕೊಂಡು ಹಿಂದೆ ಒರಗಿದರು, ನಾನು ಓಡಿಸಿದೆ. ಬಂದು ಇಳಿದು, ಇನ್ನೂ ಸ್ವಲ್ಪ ಇದೆ ಎಂದರು. ಮತ್ತೆ ಬಿಚ್ಚಿ, ಒಂದು ಬುಷ್ ಬದಲಿಸಿ, ಟೈರಿನ ಗಾಳಿ ಇಳಿಸಿ, ಮತ್ತೆ ಒರಗಿದರು. ಹೀಗೆ ಮಾಡುತ್ತ ಮಾಡುತ್ತ ಅವರ ಸೊಂಟವೂ ನೋಯತೊಡಗಿತ್ತು, ನಮಗೆ ತೋರಗೊಡಲಿಲ್ಲ. ಒಂದು ಬೆಳಿಗ್ಗೆ ಸುತ್ತು ಮುಗಿಸಿ ಇಳಿದವರು ನೇರ ಒಳಗೆ ಹೋಗಿ ದೊಡ್ಡಪ್ಪನ ಪಂಚೆ ಅಂಗಿ ತೆಗೆದು ಮಂಚದ ಮೇಲಿಟ್ಟರು.

ದೊಡ್ಡಪ್ಪ ಬರುವುದಿಲ್ಲ ಎಂದರು. ಮೊದಲು ನೋವಿನ ನೆಪ, ಆಮೇಲೆ ನಿಜ ಹೊರಬಂತು. ತನ್ನ ಗಾಡಿಯಲ್ಲಿ ತಾನು ಹಿಂದೆ ಕೂತು ಸ್ಟ್ಯಾಂಡಿಗೆ ಹೋಗುವುದೇ, ಡ್ರೈವರ್ ಆದವನು ಹಿಂದೆ ಕೂರುತ್ತಾನೆಯೇ ಎಂದರು. ಕಳೆದ ಸಲ ಗುಟ್ಟಾಗಿ ನುಂಗಿಕೊಂಡಿದ್ದ ಮಾತು ಅದು. ದೊಡ್ಡಮ್ಮ ಬಾಗಿಲು ತೆರೆದು ಹಿಡಿದು, ಇವತ್ತು ನೀನು ಪಾರ್ಟಿ, ಬಂದು ಕೂತುಕೋ, ತಡ ಮಾಡಿದರೆ ವೇಟಿಂಗ್ ಚಾರ್ಜು ಎಂದರು. ಟ್ಯಾಕ್ಸಿಯವರ ಬಾಯಲ್ಲಿ ಗಿರಾಕಿಯೆಂದರೆ ಪಾರ್ಟಿ. ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ.

ಮೊದಲ ಹಂಪು ಬಂತು. ನಾನು ಮುಂದೆ ಕೂತು ಹಲ್ಲು ಕಚ್ಚಿಕೊಂಡಿದ್ದೆ. ಕಾರು ಮೆಲ್ಲನೆ ಎದ್ದಿತು, ಮೆಲ್ಲನೆ ಇಳಿಯಿತು. ಹಿಂದಿನಿಂದ ಸದ್ದಿಲ್ಲ. ಎರಡನೆಯದು, ಮೂರನೆಯದು. ಊರು ದಾಟಿದೆವು, ಅಷ್ಟು ದೂರ ಬಂದದ್ದೇ ನನಗೆ ನಂಬಲಾಗಲಿಲ್ಲ. ದೊಡ್ಡಪ್ಪ ಒಂದೆರಡು ಮಾತಾಡಿದರು, ಇಲ್ಲಿಂದ ರಸ್ತೆಯೇ ಕಾಣುವುದಿಲ್ಲವಲ್ಲ, ನಮ್ಮ ಪಾರ್ಟಿಗಳು ಇಷ್ಟು ವರ್ಷ ಏನು ನೋಡಿಕೊಂಡು ಕೂತಿದ್ದರೋ ಎಂದರು. ಆಮೇಲೆ ಮಾತು ನಿಂತಿತು. ನೋವಿರಬೇಕು, ಹೇಳದೆ ಸಹಿಸುತ್ತಿದ್ದಾರೆ ಎಂದುಕೊಂಡು ನಾನು ತಿರುಗಿ ನೋಡಲು ಹೊರಟೆ. ದೊಡ್ಡಮ್ಮ ಕನ್ನಡಿಯಲ್ಲಿ ಆಗಲೇ ನೋಡಿದ್ದರು. ನನ್ನ ಮೊಣಕೈ ಹಿಡಿದು ತಡೆದರು.

"ಎಬ್ಬಿಸ್ಬೇಡ. ನಿದ್ದೆ ಮಾಡ್ತಾವ್ನೆ."

ಬಂಗಾರಪೇಟೆ ಬಂತು. ಸ್ಟೇಷನ್ನಿನ ಎದುರು ಗೆಳೆಯರು ಗುಂಪಾಗಿ ನಿಂತು ಕಾಯುತ್ತಿದ್ದರು, ಒಬ್ಬರು ಕೈ ಎತ್ತಿದರು. ದೊಡ್ಡಮ್ಮ ನಿಲ್ಲಿಸಲಿಲ್ಲ. ಕಿಟಕಿಯಿಂದ ಕೈ ಹೊರಗೆ ಚಾಚಿ, ಆಮೇಲೆ ಎಂದು ಸನ್ನೆ ಮಾಡಿ ಮುಂದಕ್ಕೆ ಹೋದರು. ಮಾರುಕಟ್ಟೆ ಬೀದಿ ದಾಟಿ, ಊರ ಹೊರಗಿನ ರಸ್ತೆಯಲ್ಲಿ ಹೋಗಿ ತಿರುಗಿ ಬಂದರು, ಮತ್ತೆ ಸ್ಟ್ಯಾಂಡಿನ ಮುಂದಿನಿಂದಲೇ ಹಾದು ಹೋದರು. ಗೆಳೆಯರು ಬಾಯಿ ತೆರೆದು ನೋಡುತ್ತಿದ್ದರು. ಆಪರೇಷನ್ ಆದಂದಿನಿಂದ ದೊಡ್ಡಪ್ಪ ಮಾತ್ರೆಯಿಲ್ಲದೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ದೊಡ್ಡಮ್ಮ ನನಗೆ ಹೇಳಿದ್ದು ಆಗ. ಹೇಳುವಾಗ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಎರಡು ಕೈಯೂ ಸ್ಟೀರಿಂಗಿನ ಮೇಲಿದ್ದವು. ನಾನೂ ಅತ್ತೆ.

ಎಚ್ಚರವಾದ ಮೇಲೆ ದೊಡ್ಡಪ್ಪ ಎಬ್ಬಿಸಲಿಲ್ಲವೆಂದು ರೇಗಿದರು. ಸ್ಟ್ಯಾಂಡಿನಲ್ಲಿ ಅಗಲ ಬಾಗಿಲು ತೆರೆದು, ಕಾಲು ಹೊರಗಿಟ್ಟು, ಸೀಟಿನ ಮೇಲೆಯೇ ಕೂತರು. ಗೆಳೆಯರು ಟೀ ತಂದುಕೊಟ್ಟರು. ಅಲ್ಲಿಯ ಹರಟೆ ಸಂಜೆಯ ರೈಲು ಬರುವವರೆಗೂ ಮುಗಿಯಲಿಲ್ಲ. ಗಾಡಿ ಕುಸಿದಿದೆ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ದೊಡ್ಡಪ್ಪನ ಕಿವಿಗೆ ಬೀಳುತ್ತಿತ್ತೆಂದು ನನಗನ್ನಿಸುವುದಿಲ್ಲ.

ಅಲ್ಲಿಂದ ಮುಂದೆ ಭಾನುವಾರವೆಂದರೆ ಬಂಗಾರಪೇಟೆ. ದೊಡ್ಡಪ್ಪನ ಊಟ ಹೆಚ್ಚಿತು, ಜಗಳ ಇನ್ನೂ ಹೆಚ್ಚಿತು. ಮೇಸ್ತ್ರಿಯ ಗ್ಯಾರೇಜಿಗೆ ಪಟ್ಟಿ ತೆಗೆಸಲೆಂದೇ ಒಂದಿಬ್ಬರು ಬಂದರಂತೆ. ಮೇಸ್ತ್ರಿ ಈಗ ಯಾವ ಕಾರನ್ನೂ ಹಿಂದಿನ ಸೀಟಿನಲ್ಲಿ ಕೂತು ನೋಡದೆ ಕೊಡುವುದಿಲ್ಲ. ನಾನು ಬೇರೆ ಊರಿಗೆ ವರ್ಗವಾಗುವ ಅವಕಾಶ ಬಂದಾಗ ಬೇಡವೆಂದು ಬರೆದುಕೊಟ್ಟೆ. ಹಾವೇರಿಯ ನನ್ನ ಅವ್ವನಿಗೆ ಅದು ಇಂದಿಗೂ ಅರ್ಥವಾಗಿಲ್ಲ. ಹುಟ್ಟಿದ ಮನೆಯಲ್ಲಿ ನನ್ನನ್ನು ಪ್ರೀತಿಸಿದವರಿದ್ದರು, ಆದರೆ ನನ್ನ ಮಾತಿನ ಮೇಲೆ ಗಂಡನನ್ನು ಕೂರಿಸುವಷ್ಟು ನಂಬಿದವರು ದೊಡ್ಡಮ್ಮ ಒಬ್ಬರೇ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಾಯಿಲೆಯಿಲ್ಲ, ಮುನ್ಸೂಚನೆಯಿಲ್ಲ. ಬೆಳಿಗ್ಗೆ ಹಾಲು ಕರೆದು, ಚೆಂಬನ್ನು ಒಳಗಿಟ್ಟು, ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಒರಗಿ ಕೂತರು. ನಾನು ಕಾರು ತೆಗೆದೆ, ಮೇಸ್ತ್ರಿ ಓಡಿ ಬಂದರು, ಆದರೆ ಆಸ್ಪತ್ರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಆ ದಿನ ನನಗೆ ಬಂದ ಕೋಪಕ್ಕೆ ಗುರಿಯೇ ಸಿಗಲಿಲ್ಲ. ಬಿಚ್ಚಿ ನೋಡಲು ಏನೂ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದು ಬಂಧುಗಳು ಹೊರಟುಹೋದ ಮೇಲೆ ದೊಡ್ಡಪ್ಪ ಮತ್ತೆ ಕಿಟಕಿಯ ಹತ್ತಿರದ ಮಂಚ ಹಿಡಿದರು. ನಾನು ಕಾರಿನ ಮಾತೆತ್ತಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಬಾಗಿಲ ಸದ್ದು ಕೇಳಿ ಹೊರಗೆ ಬಂದೆ. ದೊಡ್ಡಪ್ಪ ಕೋಲೂರಿಕೊಂಡು ಅಂಗಳಕ್ಕೆ ಬಂದಿದ್ದರು, ತಾವೇ ಹಿಂದಿನ ಬಾಗಿಲು ತೆರೆದು ಕೂತಿದ್ದರು. ಕೀಲಿ ಮುಂದಿನ ಸೀಟಿನ ಮೇಲಿತ್ತು.

ನಾನು ಓಡಿಸಿದೆ. ದೊಡ್ಡಮ್ಮ ಇದ್ದಾಗ ಎಷ್ಟೋ ಸಲ ಓಡಿಸಿದ ರಸ್ತೆ ಅದು, ಆ ದಿನ ಒಂದೊಂದು ಕಲ್ಲೂ ಎದ್ದು ಕಂಡಿತು. ಪ್ರತಿ ಹಂಪಿನ ಮುಂದೆ ಕಾರನ್ನು ಹೆಚ್ಚುಕಡಿಮೆ ನಿಲ್ಲಿಸಿ, ಒಂದೊಂದೇ ಚಕ್ರ ಏರಿಸಿ ಇಳಿಸುತ್ತಿದ್ದೆ. ಹಿಂದೆ ಬಸ್ಸೊಂದು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಹಾದುಹೋಯಿತು. ದೊಡ್ಡಪ್ಪ ಮುಂದಕ್ಕೆ ಬಾಗಿ ನನ್ನ ಸೀಟಿನ ಮೇಲೆ ಕೈಯಿಟ್ಟರು. ಯಾಕಿಷ್ಟು ನಿಧಾನ ಎಂದರು. ನಿಮ್ಮ ಬೆನ್ನು, ದೊಡ್ಡಪ್ಪ ಎಂದೆ.

ಅವರು ಕೈ ತೆಗೆದು, ಹಿಂದಕ್ಕೆ ಒರಗಿದರು.

"ಏನೂ ಆಗಲ್ಲ, ಓಡ್ಸಮ್ಮ," ಎಂದರು. "ಅವ್ಳು ಮಾಡ್ಸಿರೋದು."

ನಾನು ಗೇರು ಬದಲಿಸಿದೆ.